ಹೊಲಿಗೆ ಆಮೇಲೆ, ಮೊದಲು ಹಿಕ್ಕೆ

ಹೆಣ್ಣು ಮೊಲಕ್ಕೆ ಮರಿಯಾಗದಂತೆ ಆಪರೇಷನ್ ಮಾಡಿಸಿದ ಮೇಲೆ ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಎಂಬ ಬಗ್ಗೆ, ಮೈಸೂರಿನಲ್ಲಿ ಮೊಲ ಸಾಕುವ ಕೆಲವು ಮನೆಯವರು ಸೇರಿದ್ದಾಗ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ನಮಸ್ಕಾರ. ನನ್ನ ಕೈಯಲ್ಲಿರುವ ಉಪ್ಪಿನಕಾಯಿ ಬಾಟಲಿಯನ್ನು ಮುಂದಿನ ಸಾಲಿನವರು ಆಗಲೇ ಬಗ್ಗಿ ಬಗ್ಗಿ ನೋಡುತ್ತಿದ್ದೀರಿ. ಇದು ಕರಿಕಡಲೆ ಅಲ್ಲ. ಮೊಲದ ಹಿಕ್ಕೆ. ನಿನ್ನೆ ಬೆಳಗ್ಗೆ ಏಳರಿಂದ ಇವತ್ತು ಬೆಳಗ್ಗೆ ಏಳರವರೆಗೆ ನಮ್ಮ ಮನೆಯ ಮೊಲ ಕೌದಿ ಹಾಕಿದ್ದು. ಎಣಿಸಿದ್ದೇನೆ, 240 ಇದೆ. ವಾಸನೆ ಬರುವುದಿಲ್ಲ, ಮೂಗು ಮುಚ್ಚಿಕೊಳ್ಳಬೇಡಿ. ಒಣಹುಲ್ಲಿನ ಪುಡಿಯನ್ನು ಉಂಡೆ ಕಟ್ಟಿದ ಹಾಗಿರುತ್ತದೆ ಅಷ್ಟೆ.

ನಾನು ಡಾಕ್ಟರ್ ಅಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಎಣಿಸುವುದು ನನ್ನ ಚಾಳಿ. ಆದರೆ ಈ ಹಿಕ್ಕೆ ಎಣಿಸುವ ಚಾಳಿ ಹುಟ್ಟಿದ್ದು ಕ್ಲಾಸ್ ರೂಮಿನಲ್ಲಲ್ಲ. ನಮ್ಮ ಮೊದಲ ಮೊಲ ಬೆಲ್ಲಳ ಆಪರೇಷನ್ ಆದ ಮೇಲೆ. ಆ ಕಥೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದರಲ್ಲಿ ಮಾಡಬಾರದ ತಪ್ಪುಗಳು ಹೆಚ್ಚುಕಮ್ಮಿ ಎಲ್ಲವೂ ಇವೆ.

ಬೆಲ್ಲಳಿಗೆ ಆಗ ಆರು ತಿಂಗಳು. ಸ್ಪೇ, ಅಂದರೆ ಮರಿಯಾಗದಂತೆ ಮಾಡುವ ಆಪರೇಷನ್, ಮಾಡಿಸೋಣ ಎಂದು ಒಂದು ಕ್ಲಿನಿಕ್‌ಗೆ ಹೋದೆವು. ಹಿಂದಿನ ರಾತ್ರಿ ಎಂಟರಿಂದ ಏನೂ ಕೊಡಬೇಡಿ, ನೀರೂ ಬೇಡ ಎಂದರು. ನಾಯಿಗೆ ಹೇಳುವ ಮಾತನ್ನೇ ಮೊಲಕ್ಕೂ ಹೇಳಿದ್ದರು. ನನಗೇನು ಗೊತ್ತು? ನಮಗೂ ಆಪರೇಷನ್‌ಗೆ ಮುಂಚೆ ಹಾಗೇ ತಾನೆ ಹೇಳುವುದು ಅಂದುಕೊಂಡೆ. ಆಪರೇಷನ್ ಚೆನ್ನಾಗಿಯೇ ಆಯಿತು. ಸಂಜೆ ಮನೆಗೆ ಕಳಿಸುವಾಗ ಒಂದೇ ಒಂದು ಮಾತು ಹೇಳಿದರು: ಹೊಲಿಗೆ ಕಡೆ ಗಮನ ಇರಲಿ. ನೋವಿಗೆ ಔಷಧಿ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಗಮನ ಇಟ್ಟೆ. ಟಾರ್ಚ್ ಹಿಡಿದು ಆ ರಾತ್ರಿ ಎಂಟು ಸಲ ಹೊಲಿಗೆ ನೋಡಿದೆ. ಬೆಲ್ಲ ಮೂಲೆಯಲ್ಲಿ ಉಂಡೆಯಾಗಿ ಕೂತಿದ್ದಳು. ಮಲಗಿದೆ ಪಾಪ, ಸದ್ದು ಮಾಡಬೇಡಿ ಎಂದು ಮನೆಯವರನ್ನೆಲ್ಲ ಗದರಿದೆ. ಮರುದಿನ ಮಧ್ಯಾಹ್ನ ನೋಡಿದರೆ ಕೆಳಗೆ ಹಾಸಿದ್ದ ಬಿಳಿ ಬಟ್ಟೆ ಹಾಸಿದ ಹಾಗೇ ಇದೆ. ಒಂದು ಹಿಕ್ಕೆ ಇಲ್ಲ, ಒಂದು ಕಲೆ ಇಲ್ಲ. ನಾನು ಏನು ಮಾಡಿದೆ ಗೊತ್ತಾ? ಎಷ್ಟು ಚೊಕ್ಕಟವಾಗಿದ್ದಾಳೆ ಅಂತ ಖುಷಿಪಟ್ಟೆ.

ನಮ್ಮ ಯಜಮಾನರು ಏನೋ ಸರಿ ಇಲ್ಲ ಕಣೇ ಎಂದರು. ರೆಸ್ಟ್ ತಗೋತಿದೆ ಅಂದೆ. ಮತ್ತೆ ಹೇಳಿದರು. ಮತ್ತೆ ಅದನ್ನೇ ಅಂದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ನಾನು ನಿಜವಾಗಿಯೂ ಮೊಲ ಇಟ್ಟುಕೊಂಡೇ ಆ ಗಾದೆ ಆಡಿದೆ. ಸಂಜೆ ಎತ್ತಿಕೊಳ್ಳಲು ಹೋದಾಗ ಕಿವಿ ತಣ್ಣಗೆ, ಫ್ರಿಜ್‌ನಿಂದ ತೆಗೆದ ಸೊಪ್ಪಿನ ಹಾಗಿತ್ತು. ಹೊಟ್ಟೆ ತಮಟೆ ಥರ ಬಿಗಿದಿತ್ತು. ಬೇರೊಬ್ಬ ಡಾಕ್ಟರ್ ಹತ್ತಿರ ಓಡಿದೆವು. ಅವರು ಮೊದಲು ಮೈ ಬೆಚ್ಚಗೆ ಮಾಡಿ, ನೋವಿಗೆ ಇಂಜೆಕ್ಷನ್ ಕೊಟ್ಟು, ಚರ್ಮದಡಿ ದ್ರವ ಏರಿಸಿ, ಮೂರು ರಾತ್ರಿ ಇಟ್ಟುಕೊಂಡು ಉಳಿಸಿದರು. ನನ್ನ ಅದೃಷ್ಟ. ಇನ್ನೊಂದು ವಿಷಯ. ಆ ಹೊಲಿಗೆ ಒಂದು ಚೂರೂ ಕೆಟ್ಟಿರಲಿಲ್ಲ. ನೋಡಿದರೆ ಮೆಚ್ಚಬೇಕು, ಅಷ್ಟು ಅಚ್ಚುಕಟ್ಟಾಗಿತ್ತು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ ನೂರಕ್ಕೂ ಹೆಚ್ಚು ಪಶು ಚಿಕಿತ್ಸಾಲಯಗಳನ್ನು ಸೇರಿಸಿ ಮಾಡಿದ ಒಂದು ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅರಿವಳಿಕೆ ಕೊಟ್ಟ ಪ್ರಾಣಿಗಳಲ್ಲಿ ಎಷ್ಟು ಸಾಯುತ್ತವೆ ಎಂಬ ಲೆಕ್ಕ. ನಾಯಿಗಳಲ್ಲಿ ನೂರಕ್ಕೆ 0.17, ಬೆಕ್ಕುಗಳಲ್ಲಿ 0.24, ಮೊಲಗಳಲ್ಲಿ 1.39. ಆರೋಗ್ಯವಾಗಿದ್ದ ಮೊಲಗಳನ್ನಷ್ಟೇ ತೆಗೆದುಕೊಂಡರೆ 0.73. ಗಣಿತದವಳಾದ ನನಗೆ ಅದಕ್ಕಿಂತ ಕಣ್ಣಿಗೆ ಬಿದ್ದ ಸಂಖ್ಯೆ ಬೇರೆ. ಸತ್ತ ಮೊಲಗಳಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಸತ್ತದ್ದು ಆಪರೇಷನ್ ಟೇಬಲ್ ಮೇಲಲ್ಲ. ಆಮೇಲೆ, ಚೇತರಿಸಿಕೊಳ್ಳುವ ಹೊತ್ತಿನಲ್ಲಿ. ಆ ಹೊತ್ತಿನ ದೊಡ್ಡ ಭಾಗ ಎಲ್ಲಿ ಕಳೆಯುತ್ತದೆ? ನಮ್ಮ ನಿಮ್ಮ ಹಾಲ್‌ನಲ್ಲಿ, ಸೋಫಾ ಪಕ್ಕದಲ್ಲಿ.

ಹಾಗಾದರೆ ಸ್ಪೇ ಯಾಕೆ ಬೇಕು, ಸುಮ್ನೆ ಇರಬಾರದಾ ಅಂತ ಕೇಳುತ್ತೀರಿ. ಮರಿ ಹಾಕುವುದನ್ನು ತಡೆಯುವುದು ಒಂದು ಕಾರಣ. ಮೊಲಕ್ಕೆ ಬಸಿರು ಬರೀ 30ರಿಂದ 32 ದಿನ. ಹೆತ್ತ ದಿನವೇ ಮತ್ತೆ ಬಸಿರಾಗಬಲ್ಲದು. ಲೆಕ್ಕ ಮಾಡಿಕೊಳ್ಳಿ. ಅದಕ್ಕಿಂತ ದೊಡ್ಡ ಕಾರಣ ಗರ್ಭಕೋಶದ ಕ್ಯಾನ್ಸರ್. ಸ್ಪೇ ಆಗದ ಹೆಣ್ಣು ಮೊಲ ನಾಲ್ಕು ವರ್ಷ ದಾಟಿದ ಮೇಲೆ ಅದು ಬಹಳ ಸಾಮಾನ್ಯ. ಕೆಲವು ತಳಿಗಳಲ್ಲಿ ಅರ್ಧಕ್ಕೂ ಜಾಸ್ತಿ ಮೊಲಗಳಿಗೆ ಬರುತ್ತದೆ. ಹಾಗಾಗಿ ನಾಲ್ಕರಿಂದ ಆರು ತಿಂಗಳ ವಯಸ್ಸಿನಲ್ಲಿ ಮಾಡಿಸಿಬಿಡುವುದು ಒಳ್ಳೆಯದು ಎನ್ನುತ್ತಾರೆ. ಒಂದು ಮಾತು ನಡುವೆ: ನಾನು ಹೇಳುತ್ತಿರುವುದು ಯೂರೋಪ್ ಮೂಲದ ಸಾಕುಮೊಲದ ಬಗ್ಗೆ. ನಮ್ಮ ಹೊಲಗದ್ದೆಯಲ್ಲಿ ಓಡುವ ಕಾಡುಮೊಲ ಬೇರೆಯೇ ಜಾತಿ. 1972ರ ವನ್ಯಜೀವಿ ಕಾಯ್ದೆ ಅದನ್ನು ಕಾಪಾಡುತ್ತದೆ. ಅದರ ಮರಿ ಸಿಕ್ಕಿತೆಂದು ಮನೆಗೆ ತರುವಂತಿಲ್ಲ.

ಈಗ ಹೊಟ್ಟೆಯ ವಿಷಯ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊಲದ ಹೊಟ್ಟೆ ಹಿಟ್ಟಿನ ಗಿರಣಿ ಇದ್ದ ಹಾಗೆ. ಮೇಲಿನಿಂದ ಕಾಳು ಬೀಳುತ್ತಲೇ ಇರಬೇಕು, ಕೆಳಗಿನಿಂದ ಹಿಟ್ಟು ಬರುತ್ತಲೇ ಇರಬೇಕು. ನಾವು ಮೂರು ಹೊತ್ತು ತಿನ್ನುತ್ತೇವೆ, ನಾಯಿ ಎರಡು ಹೊತ್ತು. ಮೊಲ ಹಗಲೂ ರಾತ್ರಿ ಸ್ವಲ್ಪ ಸ್ವಲ್ಪ ಮೇಯುತ್ತಲೇ ಇರುತ್ತದೆ. ಹುಲ್ಲಿನ ನಾರು ಕರುಳನ್ನು ನೂಕಿ ನೂಕಿ ನಡೆಸುತ್ತದೆ. ಮೇಯುವುದು ನಿಂತರೆ ನೂಕುವವರಿಲ್ಲ. ಕರುಳು ನಿಧಾನವಾಗುತ್ತದೆ. ಒಳಗಿದ್ದದ್ದು ಒಣಗುತ್ತದೆ, ಗ್ಯಾಸ್ ತುಂಬುತ್ತದೆ, ನೋವಾಗುತ್ತದೆ. ನೋವಾದ ಮೊಲ ತಿನ್ನುವುದಿಲ್ಲ. ತಿನ್ನದಿದ್ದರೆ ಕರುಳು ಇನ್ನೂ ನಿಧಾನ. ಹೀಗೆ ಸುತ್ತುತ್ತಾ ಹೋಗುತ್ತದೆ. ಮೈಯಲ್ಲಿ ಕೊಬ್ಬು ಜಾಸ್ತಿ ಇರುವ ಮೊಲವಾದರೆ ಇನ್ನೂ ಅಪಾಯ. ಊಟ ಸಿಗದ ದೇಹ ಕೊಬ್ಬನ್ನು ಕರಗಿಸಲು ಹೊರಟು ಈಲಿಗೆ, ಅಂದರೆ ಲಿವರ್‌ಗೆ, ಹೊರೆಯಾಗುತ್ತದೆ. ಡಾಕ್ಟರ್‌ಗಳು ಇದನ್ನು ಜಿಐ ಸ್ಟೇಸಿಸ್ ಎನ್ನುತ್ತಾರೆ. ನಾನು ಗಿರಣಿ ನಿಂತಿತು ಅನ್ನುತ್ತೇನೆ. ಆಪರೇಷನ್‌ನ ನೋವು, ಅರಿವಳಿಕೆ, ಅಪರಿಚಿತ ಜಾಗದ ಹೆದರಿಕೆ, ಮೂರೂ ಗಿರಣಿ ನಿಲ್ಲಿಸಬಲ್ಲವು.

ಅದಕ್ಕೇ ಹಿಂದಿನ ರಾತ್ರಿಯ ಉಪವಾಸ ಮೊಲಕ್ಕೆ ಬೇಡ. ನಾಯಿಗೆ ಯಾಕೆ ಉಪವಾಸ ಹಾಕುತ್ತಾರೆ? ಅರಿವಳಿಕೆಯಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಹೋಗಬಾರದು ಅಂತ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಅದರ ಹೊಟ್ಟೆಯ ಬಾಯಿ ಅಷ್ಟು ಬಿಗಿ. ಬಾಯಲ್ಲಿ ಹುಲ್ಲು ಉಳಿದಿರಬಾರದು ಅಂತ ಒಂದೆರಡು ಗಂಟೆ ಮುಂಚೆ ತೆಗೆದಿಡುತ್ತಾರೆ, ಅಷ್ಟೇ. ಯಾರಾದರೂ ರಾತ್ರಿಯಿಡೀ ಹಸಿದಿರಲಿ ಎಂದರೆ ಯಾಕೆ ಅಂತ ಕೇಳಿ. ಜಗಳ ಮಾಡಬೇಡಿ, ಕೇಳಿ. ಉತ್ತರದಲ್ಲೇ ಅವರಿಗೆ ಮೊಲದ ಅಭ್ಯಾಸ ಎಷ್ಟಿದೆ ಎಂದು ಗೊತ್ತಾಗುತ್ತದೆ. ಹತ್ತಿರದಲ್ಲಿ ಮೊಲ ನೋಡುವವರು ಇಲ್ಲದಿದ್ದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಗದಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ವಿಚಾರಿಸಿ ನೋಡಿ.

ಎರಡು ವರ್ಷದ ನಂತರ ಕೌದಿಯ ಸರದಿ ಬಂತು. ಮೈಮೇಲೆ ಕಪ್ಪು, ಕಂದು, ಬಿಳಿ ತೇಪೆಗಳಿವೆ, ಅದಕ್ಕೇ ಆ ಹೆಸರು. ಈ ಸಲ ನಾನು ಹೊಸ ಸೊಸೆ ಬರುವ ಮನೆಯ ಹಾಗೆ ಎರಡು ದಿನ ಮುಂಚೆಯೇ ತಯಾರಿ ಶುರು ಮಾಡಿದೆ.

ಮೊದಲು ನೆಲ. ನಮ್ಮ ಮನೆಗಳದ್ದೆಲ್ಲ ಗ್ರಾನೈಟ್, ಟೈಲ್ಸ್. ಮೊಲದ ಪಾದದಡಿ ಮೆತ್ತೆ ಇಲ್ಲ, ಬರೀ ಕೂದಲು. ಅಮಲಿನಲ್ಲಿರುವ ಮೊಲ ನುಣುಪು ನೆಲದಲ್ಲಿ ಕಾಲು ಜಾರಿದರೆ ಹೊಲಿಗೆ ಎಳೆಯುತ್ತದೆ. ಹಳೆ ಕಾಟನ್ ಸೀರೆಗಳನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ. ತಿಳಿ ಬಣ್ಣದ್ದೇ ಆರಿಸಿದೆ, ರಕ್ತವೋ ಹಿಕ್ಕೆಯೋ ತಕ್ಷಣ ಕಾಣಬೇಕಲ್ಲ. ಮರದ ಹೊಟ್ಟು ಹಾಕಬೇಡಿ. ಗಾಯಕ್ಕೆ ಅಂಟುತ್ತದೆ. ಹಾರಿ ಹತ್ತುವ ಜಾಗಗಳನ್ನೆಲ್ಲ ಮುಚ್ಚಿ. ಗಲೀಜಿನ ಟ್ರೇಯ ಅಂಚು ಎತ್ತರ ಇದ್ದರೆ ಹತ್ತು ದಿನದ ಮಟ್ಟಿಗೆ ಒಂದು ತಟ್ಟೆ ಇಟ್ಟುಬಿಡಿ.

ಆಮೇಲೆ ಶಾಖ. ಮೊಲದ ಮೈ ಶಾಖ ಸಾಧಾರಣವಾಗಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್, ನಮಗಿಂತ ಜಾಸ್ತಿ. ಆಪರೇಷನ್‌ನಲ್ಲಿ ಅದು ಇಳಿಯುತ್ತದೆ. ಹೊಟ್ಟೆಯ ಕೂದಲು ಬೋಳಿಸಿರುತ್ತಾರೆ ಬೇರೆ. ಬಿಸಿನೀರಿನ ಬಾಟಲಿಗೆ ಟವಲ್ ಸುತ್ತಿ ಒಂದು ಪಕ್ಕಕ್ಕೆ ಇಡಿ. ಇನ್ನೊಂದು ಪಕ್ಕ ಖಾಲಿ ಇರಲಿ. ಸೆಕೆಯಾದರೆ ಅವಳೇ ದೂರ ಹೋಗಬೇಕು. ನಮ್ಮ ಬಳ್ಳಾರಿ, ರಾಯಚೂರು ಕಡೆಯವರು ಬೇಸಿಗೆಯಲ್ಲಿ ಮಾಡಿಸುವುದಾದರೆ ಎಚ್ಚರ ಉಲ್ಟಾ ಇರಬೇಕು. ಮೊದಲ ರಾತ್ರಿ ಕಳೆದ ಮೇಲೆ ತಂಪಿನ ವ್ಯವಸ್ಥೆ ನೋಡಿ. ಮೊಲಕ್ಕೆ 30 ಡಿಗ್ರಿ ದಾಟಿದರೆ ಕಷ್ಟ. ಬಿಸಿಯೋ ತಂಪೋ ತಿಳಿಯಲು ಕಿವಿ ಮುಟ್ಟಿ ನೋಡಿ. ಮೊಲದ ಕಿವಿಯೇ ಅದರ ರೇಡಿಯೇಟರ್. ಸ್ವಲ್ಪ ತಂಪಾದರೆ ಪರವಾಗಿಲ್ಲ. ಕಿವಿ ತಣ್ಣಗೆ ಕೊರೆಯುತ್ತಿದ್ದು, ಮೈ ಮೆತ್ತಗೆ ಜೋತುಬಿದ್ದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಊಟ. ಮೊಲದ ಊಟದಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಎಂಬತ್ತು ಪಾಲು ಹುಲ್ಲೇ ಆಗಿರಬೇಕು. ಕ್ಯಾರೆಟ್ ಅಲ್ಲ. ಕ್ಯಾರೆಟ್ ಅದಕ್ಕೆ ಜಿಲೇಬಿ ಇದ್ದ ಹಾಗೆ. ಪೇಟೆಯಲ್ಲಿ ಟಿಮೋಥಿ ಹುಲ್ಲು ಸಿಗುತ್ತದೆ, ಹೊರದೇಶದಿಂದ ಬರುವುದರಿಂದ ದುಬಾರಿ. ನಮ್ಮಲ್ಲಿ ಗಣೇಶನಿಗೆ ಏರಿಸುವ ಗರಿಕೆ ಇದೆಯಲ್ಲ, ಅದೂ ಒಳ್ಳೆಯ ಹುಲ್ಲೇ. ನಾಯಿ ಓಡಾಡದ, ಔಷಧಿ ಹೊಡೆಯದ ಜಾಗದ್ದು ತಂದು ಚೆನ್ನಾಗಿ ತೊಳೆಯಿರಿ. ಆಪರೇಷನ್ ಆದ ರಾತ್ರಿ ಬರೀ ಒಣಹುಲ್ಲು ಇಟ್ಟು ಕಾದರೆ ಅನೇಕ ಮೊಲಗಳು ಮೂಸಿಯೂ ನೋಡುವುದಿಲ್ಲ. ಘಮ ಇರುವ ಸೊಪ್ಪು ಬೇಕು. ಕೊತ್ತಂಬರಿ, ಪುದೀನ, ಸಬ್ಬಸಿಗೆ. ರಾಮನಗರ, ಚನ್ನಪಟ್ಟಣ ಕಡೆಯವರಿಗೆ ಹಿಪ್ಪುನೇರಳೆ ಸೊಪ್ಪು ಧಾರಾಳ. ಮೊಲಕ್ಕೆ ಅದೆಂದರೆ ಪ್ರಾಣ. ಒಂದೇ ನೆನಪಿಡಿ: ಮೊದಲೇ ತಿಂದು ಅಭ್ಯಾಸ ಇರುವ ಸೊಪ್ಪನ್ನೇ ಕೊಡಿ. ಹೊಸ ರುಚಿ ತೋರಿಸುವ ದಿನ ಅದಲ್ಲ.

ಕೌದಿ ಸಂಜೆ ಆರಕ್ಕೆ ಮನೆಗೆ ಬಂದಳು. ಎಂಟಕ್ಕೆ ಕೊತ್ತಂಬರಿಯ ಒಂದು ಎಲೆ ಎಳೆದಳು, ಬಿಟ್ಟಳು. ಒಂಬತ್ತೂವರೆಗೆ ಎರಡು ಕಡ್ಡಿ ತಿಂದಳು. ನಾನು ಒಂದು ಹಳೆ ಗ್ರಾಫ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಕೂತಿದ್ದೆ. ಯಜಮಾನರು ನಗುತ್ತಿದ್ದರು. ಮೊದಲ ಹಿಕ್ಕೆ ಬಿದ್ದದ್ದು ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ. ಸಣ್ಣದು, ಕಾಳುಮೆಣಸಿನಷ್ಟು, ಗಟ್ಟಿ. ಅವರನ್ನು ಎಬ್ಬಿಸಿ ತೋರಿಸಿದೆ. ಇವತ್ತಿಗೂ ಅದನ್ನು ನೆಂಟರ ಮುಂದೆಲ್ಲ ಹೇಳುತ್ತಾರೆ.

ಮೊದಲ ಹಿಕ್ಕೆಗಳು ಹಾಗೇ ಇರುತ್ತವೆ. ಕಮ್ಮಿ, ಸಣ್ಣ, ವಕ್ರ. ದಿನ ಕಳೆದ ಹಾಗೆ ಗಾತ್ರ ಬೆಳೆಯಬೇಕು, ಸಂಖ್ಯೆ ಏರಬೇಕು. ಆರೋಗ್ಯವಾಗಿರುವ ಮೊಲ ದಿನಕ್ಕೆ ಇನ್ನೂರು ಮುನ್ನೂರು ಹಾಕುತ್ತದೆ. ಅದಕ್ಕೇ ಈ ಬಾಟಲಿ. ಆಪರೇಷನ್‌ಗೆ ಒಂದು ವಾರ ಮುಂಚೆ ನಿಮ್ಮ ಮೊಲದ ಒಂದು ದಿನದ ಲೆಕ್ಕ ತೆಗೆದಿಟ್ಟುಕೊಳ್ಳಿ. ಮಾಮೂಲಿ ಎಷ್ಟು ಅಂತ ಗೊತ್ತಿಲ್ಲದೆ ಕಮ್ಮಿ ಎಷ್ಟು ಅಂತ ಹೇಗೆ ಹೇಳುತ್ತೀರಿ? ನನ್ನ ಗೆರೆ ಇದು: ಮನೆಗೆ ಬಂದು ಹನ್ನೆರಡು ಗಂಟೆಯಾದರೂ ಏನನ್ನೂ ತಾನಾಗಿ ತಿನ್ನದಿದ್ದರೆ ಡಾಕ್ಟರ್‌ಗೆ ಫೋನ್. ಇಪ್ಪತ್ನಾಲ್ಕು ಗಂಟೆಯಾದರೂ ಹಿಕ್ಕೆ ಇಲ್ಲದಿದ್ದರೆ ಫೋನ್ ಅಲ್ಲ, ಗಾಡಿ ತೆಗೆಯುವುದು.

ತಿನ್ನದ ಮೊಲಕ್ಕೆ ಸಿರಿಂಜ್‌ನಲ್ಲಿ ತಿನ್ನಿಸಬೇಕಾಗಬಹುದು. ಅದಕ್ಕೆಂದೇ ನಾರಿನ ಪುಡಿಗಳು ಬರುತ್ತವೆ, ನೀರಲ್ಲಿ ಕಲಸಿ ಕೊಡುವುದು. ಸಿಗದಿದ್ದರೆ ಮೊಲ ತಿನ್ನುವ ಪೆಲೆಟ್ ಅನ್ನೇ, ಅಂದರೆ ಅಂಗಡಿಯಲ್ಲಿ ಸಿಗುವ ಗುಳಿಗೆ ಆಹಾರವನ್ನೇ, ಬಿಸಿನೀರಲ್ಲಿ ನೆನೆಸಿ, ಅರೆದು, ಸೋಸಿ ಗಂಜಿ ಮಾಡಿಕೊಳ್ಳಿ. ಸೂಜಿ ತೆಗೆದ ಸಿರಿಂಜ್. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಮೊಲಕ್ಕೆ ಒಂದು ಖಾಲಿ ಜಾಗವಿದೆ. ಅಲ್ಲಿ, ಪಕ್ಕದಿಂದ ತೂರಿಸಿ. ನೇರ ಮುಂದಿನಿಂದ ಗಂಟಲಿಗೆ ಒತ್ತಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಸಲಕ್ಕೆ ಅರ್ಧ, ಮುಕ್ಕಾಲು ಮಿಲಿ. ಅಗಿಯಲು ಬಿಡಿ. ಆಮೇಲೆ ಇನ್ನೊಂದು. ದಿನಕ್ಕೆ ಎಷ್ಟು ಎಂದು ತೂಕ ನೋಡಿ ಡಾಕ್ಟರ್ ಹೇಳಬೇಕು. ಹೊಟ್ಟೆ ಬಿಗಿದು ಉಬ್ಬಿದ್ದರೆ ಮಾತ್ರ ಅವರನ್ನು ಕೇಳದೆ ಒಂದು ಹನಿಯೂ ಬೇಡ. ಒಳಗೆ ಕಟ್ಟಿಕೊಂಡಿದ್ದರೆ ಮೇಲಿನಿಂದ ತುಂಬುವುದು ಅಪಾಯ. ಮತ್ತೆ, ಅಂಗಾತ ಮಲಗಿಸಿ ತಿನ್ನಿಸಬೇಡಿ. ಅಂಗಾತ ಮಲಗಿಸಿದ ಮೊಲ ಅಲುಗಾಡದೆ ಬಿದ್ದಿರುತ್ತದೆ. ಎಷ್ಟು ಆರಾಮಾಗಿದೆ ಅಂದುಕೊಳ್ಳುತ್ತೇವೆ. ಅದು ಆರಾಮಲ್ಲ, ಜೀವಭಯ. ನರಿಯ ಬಾಯಲ್ಲಿ ಸತ್ತಂತೆ ನಟಿಸುವುದು.

ನೋವಿನ ವಿಷಯಕ್ಕೆ ಬರೋಣ. ಬೇಟೆಗೆ ಸಿಗುವ ಪ್ರಾಣಿ ನೋವು ತೋರಿಸುವುದಿಲ್ಲ. ತೋರಿಸಿದರೆ ಅದೇ ಮೊದಲು ಸಾಯುವುದು. ಹಾಗಾಗಿ ನೀವು ಎದುರಿಗೆ ಕೂತು ನೋಡಿದರೆ ನೆಟ್ಟಗೆ ಕೂತಿರುತ್ತದೆ. ಫೋನ್‌ನ ಕ್ಯಾಮರಾ ಆನ್ ಮಾಡಿ ಪಕ್ಕದಲ್ಲಿಟ್ಟು ನೀವು ಅಡುಗೆಮನೆಗೆ ಹೋಗಿ. ಅರ್ಧ ಗಂಟೆಯ ವಿಡಿಯೋದಲ್ಲಿ ನಿಜ ಸಿಗುತ್ತದೆ. ಮೊಲದ ಮುಖ ನೋಡಿ ನೋವು ಅಳೆಯುವ ಕ್ರಮವನ್ನು 2012ರಲ್ಲಿ ಸಂಶೋಧಕರು ರೂಪಿಸಿದ್ದಾರೆ. ಐದು ಗುರುತು: ಕಣ್ಣು ಅರೆಮುಚ್ಚುವುದು, ಕೆನ್ನೆ ಚಪ್ಪಟೆಯಾಗುವುದು, ಮೂಗಿನ ಹೊಳ್ಳೆ ಚೂಪಾಗುವುದು, ಮೀಸೆ ಬಿಗಿಯುವುದು, ಕಿವಿ ಹಿಂದಕ್ಕೆ ಸುರುಳಿಯಾಗಿ ಮೈಗೆ ಅಂಟುವುದು. ಜೊತೆಗೆ ಹಲ್ಲು ಕಡಿಯುವ ಸದ್ದು ಕೇಳಿ. ತಲೆ ಸವರುವಾಗ ಮೆಲ್ಲಗೆ ಕಟಕಟ ಅಂದರೆ ಸಂತೋಷ. ದೂರಕ್ಕೂ ಕೇಳುವ ಹಾಗೆ ಕರಕರ ಕಡಿದರೆ ನೋವು. ಹೊಟ್ಟೆಯನ್ನು ನೆಲಕ್ಕೆ ಒತ್ತಿ ಒತ್ತಿ ಮಲಗುವುದೂ ನೋವೇ.

ನೋವಿನ ಔಷಧಿ ಇಲ್ಲದೆ ಮೊಲವನ್ನು ಮನೆಗೆ ಕರೆದುಕೊಂಡು ಬರಬೇಡಿ. ಇದೊಂದರಲ್ಲಿ ನಾನು ಹಟಮಾರಿ. ಸಾಮಾನ್ಯವಾಗಿ ಮೆಲಾಕ್ಸಿಕಾಮ್ ಸಿರಪ್ ಕೊಡುತ್ತಾರೆ, ಕೆಲವು ದಿನ. ಮೊಲದ ದೇಹ ಅದನ್ನು ಬೇಗ ಕರಗಿಸಿಬಿಡುವುದರಿಂದ ತೂಕದ ಲೆಕ್ಕದಲ್ಲಿ ನಾಯಿಗಿಂತ ಜಾಸ್ತಿ ಬೇಕಾಗುತ್ತದೆ. ಹಾಗಾಗಿ ಪಕ್ಕದ ಮನೆ ನಾಯಿಗೆ ಇಷ್ಟು ಕೊಟ್ಟರು ಎಂಬ ಅಂದಾಜು ನಡೆಯುವುದಿಲ್ಲ. ಬಾಟಲಿಗಳಲ್ಲಿ ಗಾಢತೆ ಬೇರೆ ಬೇರೆ ಇರುತ್ತದೆ, ಎಷ್ಟು ಮಿಲಿ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ನಮ್ಮ ಮಾತ್ರೆ ಡಬ್ಬಿಗೆ ಕೈ ಹಾಕಲೇಬೇಡಿ. ಅದರಲ್ಲೂ ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್. ಬಾಯಿಂದ ಕೊಟ್ಟರೆ ಮೊಲದ ಹೊಟ್ಟೆಯ ಒಳ್ಳೆ ಸೂಕ್ಷ್ಮಾಣುಗಳು ಸತ್ತು, ಕೆಟ್ಟವು ಹೆಚ್ಚಿ, ಅವು ಬಿಡುವ ವಿಷಕ್ಕೆ ಮೊಲ ಸತ್ತೇ ಹೋಗಬಹುದು. ಮಗುವಿಗೆ ಕೊಡುವ ಔಷಧಿ, ಏನಾಗುತ್ತೆ ಬಿಡು ಅಂತ ಕೊಟ್ಟವರನ್ನು ನಾನು ಕಂಡಿದ್ದೇನೆ.

ಈಗ ಹೊಲಿಗೆ. ನೋಡಲೇಬಾರದು ಅಂತಲ್ಲ. ದಿನಕ್ಕೆ ಎರಡು ಸಲ ಸಾಕು. ಸುಮಾರು ಎರಡು ಬೆರಳಗಲದ ಗಾಯ, ಅನೇಕ ಸಲ ಒಳಹೊಲಿಗೆ, ತಾನಾಗಿ ಕರಗುವಂಥದ್ದು. ಹೊರಗಿನ ಹೊಲಿಗೆಯಾದರೆ ಹತ್ತು ಹದಿನಾಲ್ಕು ದಿನಕ್ಕೆ ತೆಗೆಯುತ್ತಾರೆ. ಮೊದಲೆರಡು ದಿನ ಅಂಚು ಸ್ವಲ್ಪ ಕೆಂಪಗೆ, ದಪ್ಪಗೆ ಇರುವುದು ಸಹಜ. ಬಾಯಿ ಬಿಟ್ಟರೆ, ರಸ ಸೋರಿದರೆ, ವಾಸನೆ ಬಂದರೆ, ಊತ ದಿನೇ ದಿನೇ ಹೆಚ್ಚಿದರೆ ತೋರಿಸಿ. ಅರಿಶಿನ ಹಚ್ಚಬೇಡಿ. ಕೊಬ್ಬರಿ ಎಣ್ಣೆ ಬೇಡ, ಡೆಟಾಲ್ ಬೇಡ, ಹಸುವಿನ ಗಾಯಕ್ಕೆ ಹೊಡೆಯುವ ಸ್ಪ್ರೇ ಬೇಡವೇ ಬೇಡ. ಹಚ್ಚಿದ್ದೆಲ್ಲ ನೆಕ್ಕಿ ಹೊಟ್ಟೆಗೆ ಹೋಗುತ್ತದೆ. ಸ್ನಾನದ ಮಾತಂತೂ ಎತ್ತಬೇಡಿ.

ಹೊಲಿಗೆ ಕಡಿದರೆ? ನಾಯಿಗೆ ಹಾಕುವ ಲಾಳಿಕೆಯಂಥ ಪ್ಲಾಸ್ಟಿಕ್ ಕಾಲರ್ ಅನ್ನು ಮೊಲದ ಕುತ್ತಿಗೆಗೆ ಹಾಕಿದರೆ ಹೊಸ ತೊಂದರೆ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಬಾಟಲಿಯಲ್ಲಿರುವುದು ಒಂದು. ಇನ್ನೊಂದು ಮೆತ್ತಗೆ, ಹೊಳೆಯುವ, ಹಿಪ್ಪುನೇರಳೆ ಹಣ್ಣಿನ ಗೊಂಚಲಿನಂಥದ್ದು. ಅದನ್ನು ನೀವು ನೋಡುವುದು ಅಪರೂಪ, ಏಕೆಂದರೆ ಬಗ್ಗಿ ನೇರವಾಗಿ ಬಾಯಿಂದಲೇ ತೆಗೆದು ತಿಂದುಬಿಡುತ್ತದೆ. ಛೀ ಅನ್ನಬೇಡಿ, ಅದರ ವಿಟಮಿನ್, ಪ್ರೋಟೀನ್ ಅದರಲ್ಲಿದೆ. ಆ ಕಾಲರ್ ಹಾಕಿದರೆ ಬಗ್ಗಲಾಗುವುದಿಲ್ಲ. ಹೆದರಿಕೆಗೆ ಊಟವನ್ನೂ ಬಿಡುತ್ತದೆ. ಕೌದಿ ಮೂರನೇ ದಿನ ಹೊಲಿಗೆಗೆ ಬಾಯಿ ಹಾಕಿದಾಗ ನಾನು ಮೊಮ್ಮಗಳ ಹಳೆಯ ಜಬಲಾ ತೊಡಿಸಿದೆ, ಹುಟ್ಟಿದ ಮಗುವಿಗೆ ಹಾಕುವ ಕಾಟನ್ ಜಬಲಾ. ಹಿಂಭಾಗ ಪೂರ್ತಿ ತೆರೆದಿರಬೇಕು, ಉಸಿರಿಗೆ ಬಿಗಿಯಬಾರದು. ಒಂದು ಗಂಟೆ ಮುನಿಸಿಕೊಂಡಳು, ಆಮೇಲೆ ಮರೆತಳು. ಜಬಲಾದ ಒಂದು ತೋಳನ್ನು ಮಾತ್ರ ತಿಂದು ಮುಗಿಸಿದಳು.

ಮಳೆಗಾಲದಲ್ಲಿ ಮಾಡಿಸಿದವರು ನೊಣದ ಬಗ್ಗೆ ಎಚ್ಚರವಾಗಿರಿ. ಒದ್ದೆ ಕೂದಲು, ಅಂಟಿದ ಗಲೀಜು, ಗಾಯದ ವಾಸನೆ, ನೊಣ ಬಂದು ಮೊಟ್ಟೆ ಇಡಲು ಇಷ್ಟು ಸಾಕು. ಒಂದೇ ದಿನದಲ್ಲಿ ಹುಳುವಾಗಿ ಮಾಂಸಕ್ಕೆ ಇಳಿಯುತ್ತವೆ. ಸೊಳ್ಳೆಪರದೆ ಕಟ್ಟಿ. ಬಾಲದಡಿ ದಿನಾ ಎರಡು ಸಲ ನೋಡಿ. ಒದ್ದೆ ಬಟ್ಟೆ ಕೂಡಲೇ ಬದಲಿಸಿ.

ಎತ್ತುವಾಗ ಒಂದು ಕೈ ಎದೆಯಡಿ, ಒಂದು ಕೈ ಹಿಂಭಾಗದಡಿ, ನಿಮ್ಮ ಮೈಗೆ ಒತ್ತಿಕೊಂಡು. ಕಿವಿ ಹಿಡಿದು ಎತ್ತುವುದು ಪೋಸ್ಟರ್‌ಗಳಲ್ಲಿ ಮಾತ್ರ ಚೆಂದ. ಮೊಲದ ಮೂಳೆ ಹಗುರ, ಹಿಂಗಾಲಿನ ಒದೆತ ಜೋರು. ಗಾಳಿಯಲ್ಲಿ ಒದ್ದರೆ ಅದರ ಬೆನ್ನುಮೂಳೆಯನ್ನು ಅದೇ ಮುರಿದುಕೊಳ್ಳುತ್ತದೆ. ಎತ್ತದೆ ಇರುವುದೇ ಇನ್ನೂ ಉತ್ತಮ.

ಇನ್ನು ಬಂದ ಪ್ರಶ್ನೆಗಳು.

ಒಬ್ಬರು ಕೇಳಿದರು, ಮೂತ್ರ ಕೆಂಪಗಿದೆ, ರಕ್ತವಾ? ಮೊಲದ ಮೂತ್ರ ಹಳದಿಯಿಂದ ಇಟ್ಟಿಗೆ ಬಣ್ಣದವರೆಗೆ ಇರಬಹುದು. ತಿಂದ ಸೊಪ್ಪಿನ ಬಣ್ಣವೂ ಇಳಿಯುತ್ತದೆ. ಸುಣ್ಣದ ನೀರಿನಂತೆ ಬೆಳ್ಳಗಿರುವುದೂ ಉಂಟು. ಇಡೀ ಮೂತ್ರ ಒಂದೇ ಬಣ್ಣ ಇದ್ದರೆ ಬಹುಮಟ್ಟಿಗೆ ಬಣ್ಣವೇ. ಎಳೆ ಎಳೆಯಾಗಿ, ಹೆಪ್ಪಾಗಿ ಕೆಂಪು ಕಂಡರೆ ರಕ್ತ. ಮೊದಲ ದಿನ ಒಂದೆರಡು ಹನಿ ಕಾಣಬಹುದು. ಅದಕ್ಕಿಂತ ಜಾಸ್ತಿಯಾದರೆ ಫೋಟೋ ತೆಗೆದು ಡಾಕ್ಟರ್‌ಗೆ ಕಳಿಸಿ, ಹೊರಡಲು ತಯಾರಾಗಿ.

ಜೋಡಿ ಮೊಲವಿದ್ದರೆ ಬೇರೆ ಇಡಬೇಕಾ? ಜೊತೆಗಾತಿ ಹೆಣ್ಣಾಗಿದ್ದು ಇಬ್ಬರೂ ಹೊಂದಿಕೊಂಡಿದ್ದರೆ ದೂರ ಮಾಡಬೇಡಿ. ಪಕ್ಕದಲ್ಲಿ ಗೆಳತಿ ಮೇಯುತ್ತಿದ್ದರೆ ಇವಳಿಗೂ ಮೇಯಬೇಕೆನಿಸುತ್ತದೆ. ಆಟ ಜೋರಾದರೆ ನಡುವೆ ಒಂದು ಜಾಲರಿ. ಗಂಡಾಗಿದ್ದು ಅವನಿಗೆ ಆಪರೇಷನ್ ಆಗಿಲ್ಲದಿದ್ದರೆ ಖಂಡಿತ ಬೇರೆ. ಮರಿ ಆಗುವುದಿಲ್ಲ ನಿಜ, ಆದರೆ ಅವನು ಮೈಮೇಲೆ ಏರಿದರೆ ಹೊಲಿಗೆ ಏನಾಗಬೇಕು? ಮನೆಯಲ್ಲಿ ಬೇರೆ ಹೆಣ್ಣು ಮೊಲಗಳಿದ್ದರೆ ಇದೂ ಗೊತ್ತಿರಲಿ. ಗಂಡಿಗೆ ಆಪರೇಷನ್ ಆದ ಮೇಲೂ ನಾಲ್ಕರಿಂದ ಆರು ವಾರ ಅವನು ಅಪ್ಪನಾಗಬಲ್ಲ.

ಯಾವ ತಿಂಗಳಲ್ಲಿ ಮಾಡಿಸಬೇಕು? ತಿಂಗಳು ಯಾವುದಾದರೂ ಸರಿ, ದೀಪಾವಳಿಯ ಆಸುಪಾಸು ಬೇಡ. ಗಣೇಶನ ಮೆರವಣಿಗೆ ನಿಮ್ಮ ಬೀದಿಯಲ್ಲೇ ಹೋಗುವುದಾದರೆ ಆ ವಾರವೂ ಬೇಡ. ಪಟಾಕಿ ಸದ್ದಿಗೆ ಗಿರಣಿ ನಿಂತ ಮೊಲಗಳಿವೆ, ಆಪರೇಷನ್ ಇಲ್ಲದೇ. ಇನ್ನೊಂದು, ಶನಿವಾರ ಸಂಜೆ ಮಾಡಿಸಬೇಡಿ. ಭಾನುವಾರ ಡಾಕ್ಟರ್ ಸಿಗುವುದಿಲ್ಲ. ವಾರದ ಮೊದಲಿಗೆ, ಬೆಳಗ್ಗೆಯೇ ಮಾಡಿಸಿ, ಎರಡು ದಿನ ರಜೆ ಹಾಕಿ. ರಜೆ ಸಿಗದಿದ್ದರೆ ತಾರೀಖು ಮುಂದೆ ಹಾಕಿ.

ಗ್ಯಾಸ್‌ಗೆ ಮಗುವಿನ ಡ್ರಾಪ್ಸ್ ಕೊಡಬಹುದಾ ಎಂದರು ಇನ್ನೊಬ್ಬರು. ಅದರಲ್ಲಿ ಏನೇನು ಬೆರೆತಿದೆ ಎಂದು ಡಾಕ್ಟರ್‌ಗೆ ತೋರಿಸಿ ಕೇಳಿ. ಅವರು ಹೂಂ ಎಂದರೂ ಅದನ್ನೇ ನಂಬಿ ಕೂರಬೇಡಿ. ನೋವು ಇಳಿಯದೆ, ಹುಲ್ಲು ಒಳಗೆ ಹೋಗದೆ ಡ್ರಾಪ್ಸ್ ಒಂದೇ ಗಿರಣಿ ತಿರುಗಿಸುವುದಿಲ್ಲ.

ಆಪರೇಷನ್ ಆದ ಮೇಲೂ ಗುರ್ ಅಂತಾಳೆ, ಕೂದಲು ಕಿತ್ತು ಗೂಡು ಕಟ್ಟುತ್ತಾಳೆ ಎಂದು ಒಬ್ಬರ ದೂರು. ಮೈಯಲ್ಲಿರುವ ಹಾರ್ಮೋನ್ ಇಳಿಯಲು ಕೆಲವು ವಾರ ಬೇಕು. ಕಾಯಿರಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಪುಟ್ಟ ಹುಡುಗಿ ಎದ್ದು, ಅಜ್ಜಿ, ಅದಕ್ಕೆ ನಮ್ಮ ಮೇಲೆ ಕೋಪ ಬರುತ್ತಾ ಅಂತ ಕೇಳಿದಳು. ಬರುತ್ತೆ ಪುಟ್ಟಿ. ಕೌದಿ ಹನ್ನೊಂದು ದಿನ ನನಗೆ ಬೆನ್ನು ಹಾಕಿ ಕೂತಿದ್ದಳು. ಸಿರಿಂಜ್ ಹಿಡಿದ ಕೈ ಅಂತ ಗೊತ್ತು ಅವಳಿಗೆ. ಯಜಮಾನರ ಹತ್ತಿರ ಹೋಗುತ್ತಿದ್ದಳು, ನನ್ನ ಹತ್ತಿರ ಇಲ್ಲ. ಹನ್ನೆರಡನೇ ದಿನ ಬೆಳಗ್ಗೆ ಹಿಕ್ಕೆ ಎಣಿಸಲು ನೆಲದಲ್ಲಿ ಕೂತಿದ್ದೆ. 190ರವರೆಗೆ ಬಂದಿದ್ದೆ. ಹಿಂದಿನಿಂದ ಬಂದು ನನ್ನ ಸೆರಗು ಕಡಿದಳು. ಲೆಕ್ಕ ತಪ್ಪಿಹೋಯಿತು.